ಬ್ರಹ್ಮಕಮಲ ಯಾವುದು?

ಮಳೆಗಾಲದ ಒಂದು ರಾತ್ರಿ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಪಕ್ಕದ ಮನೆಯ ಹುಡುಗಿ ಓಡಿ ಬಂದಳು. "ಬ್ರಹ್ಮಕಮಲ ಅರಳ್ತಾ ಇದೆ, ಬನ್ನಿ!" ಎಂದಳು. ಪಾಠ ಅಲ್ಲಿಗೇ ನಿಂತಿತು. ಎಲ್ಲರೂ ಎದ್ದು ಹೋದೆವು.

ಆ ಮನೆಯ ಅಕ್ಕ ಕುಂಡದ ಮುಂದೆ ದೀಪ ಹಚ್ಚಿಟ್ಟಿದ್ದರು. ಎಲೆಯ ಅಂಚಿನಿಂದ ಬಿಳಿ ಹೂವು ಬಿರಿಯುತ್ತಿತ್ತು. ಅಂಗಳದ ತುಂಬ ಘಮ. ಎಲ್ಲರೂ ಕೈ ಮುಗಿದರು.

ನಮ್ಮ ಜೊತೆ ಬಂದಿದ್ದ ಒಬ್ಬರು ಮೆಲ್ಲಗೆ ಹೇಳಿದರು. "ನಿಜವಾದ ಬ್ರಹ್ಮಕಮಲ ಇದಲ್ಲ ಕಣ್ರೀ. ನಮ್ಮ ಮಾವ ಕೇದಾರಕ್ಕೆ ಹೋದಾಗ ತಂದಿದ್ದಾರೆ." ಮನೆಗೆ ಹೋಗಿ ತಂದೂ ತೋರಿಸಿದರು. ಒಣಗಿದ ಹೂವು. ಕಾಗದದ ಹಾಗೆ ತೆಳ್ಳಗಿತ್ತು. "ಎಲೆಕೋಸಿನ ಸಿಪ್ಪೆ ಇದ್ದಂಗಿದೆ" ಎಂದು ಯಾರೋ ನಕ್ಕರು. ಕುಂಡದ ಅಕ್ಕ ನಗಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ದೀಪ ಹಚ್ಚಿದ್ದು ಯಾವುದಕ್ಕೆ?" ಎಂದರು.

ಮರುದಿನ ಆ ಎರಡು ಹೂವುಗಳೇ ನಮ್ಮ ಪಾಠವಾದವು.

ಕುಂಡದ ಗಿಡ ಪಾಪಾಸುಕಳ್ಳಿಯ ಬಳಗದ್ದು. ಇದರ ತವರು ದೂರದ ಮೆಕ್ಸಿಕೋ ಕಡೆಯ ಕಾಡು. ನಾವು ಎಲೆ ಅನ್ನೋದು ನಿಜವಾಗಿ ಅದರ ಕಾಂಡ. ಅದಕ್ಕೇ ಒಂದು ತುಂಡು ನೆಟ್ಟರೂ ಬೇರು ಬಿಡುತ್ತದೆ. ಹೂವು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಬ್ರಹ್ಮಕಮಲ ಎಂಬ ಹೆಸರು ನಮ್ಮ ಜನ ಪ್ರೀತಿಯಿಂದ ಇಟ್ಟದ್ದು.

ಒಣಗಿದ ಹೂವು ಹಿಮಾಲಯದ್ದು. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 6,300 ಅಡಿ. ಈ ಹೂವು ಬೆಳೆಯುವುದು ಅದರ ಎರಡರಷ್ಟು ಎತ್ತರದಲ್ಲಿ, 12,000 ಅಡಿಯ ಮೇಲೆ. ಅಲ್ಲಿ ಮರಗಳೇ ಇರುವುದಿಲ್ಲ. ಬರೀ ಕಲ್ಲು, ಹುಲ್ಲು, ಚಳಿಗಾಳಿ. ವರ್ಷದಲ್ಲಿ ಹಲವು ತಿಂಗಳು ಹಿಮ ಮುಚ್ಚಿರುತ್ತದೆ. ಆಗ ಗಿಡ ಮೇಲೆ ಒಣಗಿಹೋಗುತ್ತದೆ. ನೆಲದೊಳಗಿನ ಗಡ್ಡೆಯಂಥ ಬೇರು ಮಾತ್ರ ಜೀವ ಹಿಡಿದಿರುತ್ತದೆ. ಹಿಮ ಕರಗಿದ ಮೇಲೆ ಚಿಗುರಿ, ಜುಲೈನಿಂದ ಸೆಪ್ಟೆಂಬರ್ ಒಳಗೆ ಹೂ ಬಿಡುತ್ತದೆ.

ಹೆಸರಿಗೆ ಕಮಲ. ಬಳಗ ನೋಡಿದರೆ ಸೇವಂತಿಗೆ, ಸೂರ್ಯಕಾಂತಿಯದು! ದಳದ ಹಾಗೆ ಕಾಣುವುದು ದಳ ಅಲ್ಲ. ಅವು ತಿಳಿಹಳದಿ ಬಣ್ಣದ ತೆಳು ಎಲೆಗಳು. ನಿಜವಾದ ಹೂಗಳು ಒಳಗಿವೆ. ಪುಟ್ಟ ಪುಟ್ಟ ನೇರಳೆ ಬಣ್ಣದ ಹೂಗಳು. ತಾಯಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ಹಾಗೆ ಎಲೆಗಳು ಆ ಹೂಗಳನ್ನು ಮಳೆ, ಚಳಿಯಿಂದ ಕಾಯುತ್ತವೆ. ಬಿಸಿಲು ಬಿದ್ದಾಗ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ.

ಇದು ಉತ್ತರಾಖಂಡ ರಾಜ್ಯದ ಹೂವು. 1982ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಕೇದಾರನಾಥನಿಗೆ ಈ ಹೂ ಏರಿಸುತ್ತಾರೆ. ನಂದಾದೇವಿಗೂ ಇದೇ ಬೇಕು. ನಂದಾದೇವಿ ಅಲ್ಲಿನ ಹೆಂಗಸರಿಗೆ ಮನೆಮಗಳಿದ್ದ ಹಾಗೆ. ಅವಳ ತವರು ಈ ಬೆಟ್ಟದ ಊರುಗಳು, ಗಂಡನ ಮನೆ ಕೈಲಾಸ. ನಮ್ಮಲ್ಲಿ ಭಾದ್ರಪದದ ತದಿಗೆಗೆ ಗೌರಿ ತವರಿಗೆ ಬರುತ್ತಾಳಲ್ಲ? ಅದಾಗಿ ಐದು ದಿನಕ್ಕೆ ಅಲ್ಲಿ ನಂದಾಷ್ಟಮಿ.

ಆ ಹಬ್ಬಕ್ಕೆ ಮೊದಲು ಬ್ರಹ್ಮಕಮಲ ಕೀಳಬಾರದು ಎಂದು ಅಲ್ಲಿ ಹಳೆಯ ಕಟ್ಟುಪಾಡು. ಯಾಕೆ? ದೇವಿಯ ಹೆಸರು ಹೇಳುತ್ತಾರೆ. ನಮಗನಿಸುವುದು ಹಿರಿಯರು ಗಿಡವನ್ನೂ ಚೆನ್ನಾಗಿ ನೋಡಿದ್ದರು ಅಂತ. ಅಷ್ಟರ ಹೊತ್ತಿಗೆ ಎಷ್ಟೋ ಹೂಗಳು ಬೀಜ ಕಟ್ಟಿರುತ್ತವೆ. ಬೀಜಕ್ಕೆ ನವಿರಾದ ಕೂದಲಿನ ಕುಚ್ಚು ಇರುತ್ತದೆ. ಗಾಳಿಗೆ ಹಾರಿ ದೂರ ಬೀಳುತ್ತದೆ.

ಈಗ ಆ ಕಟ್ಟುಪಾಡು ಸಡಿಲವಾಗಿದೆ. ಯಾತ್ರಿಕರು ಹೆಚ್ಚು. ಅವರಿಗೆ ಮಾರಲು ಹೂವು ಅರಳಿದ ಕೂಡಲೇ ಕಿತ್ತು ತರುವವರಿದ್ದಾರೆ. ನಾಟಿ ಔಷಧಕ್ಕೂ ಕೀಳುತ್ತಾರೆ. ದನ, ಕುರಿ ತುಳಿಯುತ್ತವೆ. ಹೀಗಾಗಿ ಹಲವು ಕಡೆ ಈ ಹೂವು ಅಪರೂಪವಾಗಿದೆ.

ಇಲ್ಲಿಗೆ ಬಂದಾಗ ಕೇದಾರದ ಹೂವಿನ ಅಕ್ಕ ಕೇಳಿದರು. "ಹಂಗಾದ್ರೆ ನಮ್ಮ ಮಾವ ತಂದಿದ್ದು ತಪ್ಪಾ?"

ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಮುದುಕರು ಭಕ್ತಿಯಿಂದ ತಂದಿದ್ದಾರೆ. ಹಿಂದಿನ ಸಾಲಿನ ಅಜ್ಜಿ ಒಬ್ಬರು ಹೇಳಿದರು. "ಒಂದು ತೆನೆ ಕಿತ್ರೆ ಹೊಲ ಬರಿದಾಗಲ್ಲಮ್ಮ. ಬಂದೋರೆಲ್ಲ ಒಂದೊಂದು ಕಿತ್ರೆ, ಮುಂದಿನ ವರ್ಷ ಬಿತ್ತೋಕೆ ಏನಿರ್ತದೆ?"

ಒಣ ಹೂವು ಈಗಲೂ ಆ ಅಕ್ಕನ ದೇವರ ಗೂಡಿನಲ್ಲಿದೆ. ಕುಂಡದ ಅಕ್ಕ ಅವರಿಗೆ ತಮ್ಮ ಗಿಡದ ಒಂದು ತುಂಡು ಕೊಟ್ಟರು. "ಇದನ್ನ ಎಷ್ಟು ಬೇಕಾದ್ರೂ ಕಿತ್ತು ನೆಡಿ, ಮುಗಿಯೋದಿಲ್ಲ" ಎಂದರು. ತಾವು ದೀಪ ಹಚ್ಚುವುದನ್ನೂ ಬಿಟ್ಟಿಲ್ಲ.

ಓದಿ, ಬರೆಯಿರಿ: ಹಿಮಾಲಯ, ಬ್ರಹ್ಮಕಮಲ, ಮುಳ್ಳಯ್ಯನಗಿರಿ, ನಂದಾಷ್ಟಮಿ, ಕಟ್ಟುಪಾಡು.

ಮಾತಾಡಿ: ಇಂಥ ಕಾಲಕ್ಕೆ ಕೀಳಬಾರದು, ಕಡಿಯಬಾರದು ಎಂಬ ಗಿಡಮರ ನಿಮ್ಮ ಊರಿನಲ್ಲಿ ಯಾವುದಿದೆ? ಹಿರಿಯರನ್ನು ಕೇಳಿ ಬಂದು ನಾಲ್ಕು ಸಾಲು ಬರೆಯಿರಿ.