ದೀಕ್ಷಾಸ್ನಾನದ ನೀರು ಏನನ್ನು ಸೂಚಿಸುತ್ತದೆ?

ಓದತಕ್ಕ ವೇದಭಾಗಗಳು: ರೋಮಾಪುರದವರಿಗೆ 6:1–11, ಗಲಾತ್ಯದವರಿಗೆ 3:26–29, ಅಪೊಸ್ತಲರ ಕೃತ್ಯಗಳು 16:25–34.

ಪ್ರಿಯರೇ, ತುಮಕೂರು ಸೀಮೆಯ ವಸಂತನರಸಾಪುರದಂಥ ಬಯಲುನಾಡಿನ ಊರುಗಳವರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ತಪ್ಪಿದರೆ ಕೆರೆ ಬತ್ತುವದು, ರಾಗಿಯ ಪೈರು ಒಣಗುವದು. ನಮ್ಮ ಕರ್ತನು ತನ್ನ ಸಭೆಗೆ ಸೇರುವವರಿಗೆ ಬಂಗಾರವನ್ನಾಗಲಿ ವಿದ್ಯೆಯನ್ನಾಗಲಿ ಗುರುತಾಗಿ ಇಡದೆ, ಬಡವನ ಮನೆಯಲ್ಲಿಯೂ ಇರುವ ಈ ನೀರನ್ನೇ ಗುರುತಾಗಿ ಇಟ್ಟನು. ಆ ಗುರುತಿನ ಅರ್ಥವನ್ನು ಮೂರು ಭಾಗವಾಗಿ ವಿಚಾರಿಸೋಣ.

1. ತೊಳೆಯುವಿಕೆ. ಹೊಲದಿಂದ ಬಂದವನು ಕೈಕಾಲು ತೊಳೆದುಕೊಂಡು ಮನೆಯೊಳಗೆ ಹೋಗುವನು. ಹಾಗೆಯೇ ಪಾಪಕ್ಷಮೆ ಹೊಂದಿದವನು ದೇವರ ಮನೆಯೊಳಗೆ ಸೇರುವನು. ಆದರೆ ನೀರಿಗೇ ಪಾಪ ಕಳೆಯುವ ಶಕ್ತಿ ಉಂಟೆಂದು ನೆನಸಬಾರದು. ಇದು ಮೈಯ ಕೊಳೆಯ ಮಾತಲ್ಲ, ಮನಸ್ಸಾಕ್ಷಿಯ ಮಾತು ಎಂಬದೇ ಪೇತ್ರನ ಉಪದೇಶ (1 ಪೇತ್ರ 3:21).

2. ಮರಣವೂ ಪುನರುತ್ಥಾನವೂ. ನೀರಿನಲ್ಲಿ ಇಳಿಯುವದು ಕ್ರಿಸ್ತನೊಡನೆ ಹೂಣಲ್ಪಡುವದಕ್ಕೂ, ಮೇಲಕ್ಕೆ ಬರುವದು ಆತನೊಡನೆ ಏಳುವದಕ್ಕೂ ಗುರುತಾಗಿದೆ. ಬೀಜವು ಮಣ್ಣಿನಲ್ಲಿ ಮರೆಯಾಗದೆ ಪೈರಾಗದು. ಕುಡಿತ, ಕಳ್ಳ ಅಳತೆ, ಹಗೆತನ ಇವು ಹೂಣಲ್ಪಟ್ಟ ಮೇಲೆ ಅವನ್ನು ತಿರಿಗಿ ಅಗೆದು ತೆಗೆಯುವದು ಯುಕ್ತವೋ?

ನೀರು ಎಷ್ಟಿರಬೇಕೆಂದು ಕೆಲವರು ಕೇಳುವರು. ಪೂರ್ವಕಾಲದ ಸಭೆಯ ದಿದಖೆ ಎಂಬ ಉಪದೇಶಗ್ರಂಥವು ಹರಿಯುವ ನೀರನ್ನು ಮೇಲೆಂದು ಹೇಳಿ, ಅದೂ ಬೇರೆ ನೀರೂ ಸಾಕಷ್ಟು ದೊರೆಯದಿದ್ದರೆ ತಲೆಯ ಮೇಲೆ ಮೂರಾವರ್ತಿ ಹೊಯ್ಯಬಹುದೆಂದು ಅಪ್ಪಣೆ ಕೊಡುತ್ತದೆ. ಬ್ಯಾಪ್ಟಿಸ್ಟರು ಮುಳುಗಿಸುವರು. 1839ರಲ್ಲಿ ವಿಲಿಯಂ ಆರ್ಥರ್ ದೊರೆಗಳನ್ನು ಗುಬ್ಬಿಗೆ ಕಳುಹಿಸಿದ ವೆಸ್ಲಿಯನ್ ಸಂಘದವರು ಹೊಯ್ಯುವ ವಾಡಿಕೆಯವರು. 1947ನೇ ಸೆಪ್ಟೆಂಬರ್ 27ರಲ್ಲಿ ಉಂಟಾದ ದಕ್ಷಿಣ ಇಂಡಿಯಾ ಸಭೆಯು ಶಿಶುಗಳ ದೀಕ್ಷಾಸ್ನಾನವನ್ನೂ ದೊಡ್ಡವರ ದೀಕ್ಷಾಸ್ನಾನವನ್ನೂ ಅಂಗೀಕರಿಸುತ್ತದೆ. ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರೇ ಮುಖ್ಯವು, ಕೊಡದ ಅಳತೆಯಲ್ಲ.

3. ಹೊಸ ಮನೆತನ. ದೀಕ್ಷಾಸ್ನಾನ ಹೊಂದಿದವರು ಕ್ರಿಸ್ತನನ್ನು ವಸ್ತ್ರದಂತೆ ಧರಿಸಿಕೊಂಡಿದ್ದಾರೆಂದೂ ಅವರಲ್ಲಿ ಕುಲಭೇದ ನಿಲ್ಲದೆಂದೂ ಪೌಲನು ಬೋಧಿಸಿದನು. ಫಿಲಿಪ್ಪಿಯ ಸೆರೆಯ ಯಜಮಾನನನ್ನು ನೋಡಿರಿ. ಅವನು ಆ ರಾತ್ರಿಯಲ್ಲಿಯೇ ಕೈದಿಗಳ ಗಾಯಗಳನ್ನು ತೊಳೆದನು. ತಾನೂ ಮನೆಯವರೂ ದೀಕ್ಷಾಸ್ನಾನ ಹೊಂದಿದರು. ಬಳಿಕ ಅವರನ್ನು ಮನೆಗೆ ಕರೆದು ಊಟಕ್ಕೆ ಬಡಿಸಿದನು. ನೀರಿನ ಗುರುತು ಊಟದ ಪಂಕ್ತಿಯವರೆಗೂ ಹೋಯಿತು.

ನಮ್ಮ ಸೀಮೆಯಲ್ಲಿ ಜಾತಿಗೊಂದು ಬಾವಿ ಇದ್ದ ಕಾಲವನ್ನು ಹಿರಿಯರು ಬಲ್ಲರು. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ, ತಮ್ಮ ಜಾತಿಯ ಗೌರವವನ್ನು ಬಿಟ್ಟು ಎಲ್ಲಾ ಕುಲದವರೊಂದಿಗೆ ಒಂದೇ ಸಭೆಯವರಾದರು. ಇಷ್ಟಾದರೂ ಹೆಣ್ಣು ಕೊಡುವಾಗಲೂ ತರುವಾಗಲೂ, ಹಬ್ಬದ ಊಟಕ್ಕೆ ಕೂಡ್ರುವಾಗಲೂ ಹಳೇ ಜಾತಿಯನ್ನು ಗುಟ್ಟಾಗಿ ವಿಚಾರಿಸುವವರು ಸಭೆಗಳಲ್ಲಿ ಇನ್ನೂ ಉಂಟು. ಒಂದೇ ಬಟ್ಟಲಿನ ನೀರಿನಿಂದ ದೀಕ್ಷೆ ಹೊಂದಿದವರು ಎರಡು ಪಂಕ್ತಿಗಳಲ್ಲಿ ಕೂತರೆ, ನೋಡುವವರು ಆ ನೀರನ್ನು ಏನೆಂದು ತಿಳಿಯಬೇಕು?

ಆದಕಾರಣ ದೀಕ್ಷಾಸ್ನಾನವನ್ನು ಒಂದು ದಿನದ ಹಬ್ಬವೆಂದು ಎಣಿಸದೆ, ಪ್ರತಿದಿನವೂ ನಡೆದು ತೋರಿಸತಕ್ಕ ಒಡಂಬಡಿಕೆಯೆಂದು ಎಣಿಸೋಣ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:
1. ನೀರು ಗುರುತಾದರೆ, ಪಾಪವನ್ನು ತೊಳೆಯುವವನು ಯಾರು?
2. ನಮ್ಮಲ್ಲಿ ಇನ್ನೂ ಹೂಣಲ್ಪಡದೆ ಉಳಿದದ್ದು ಯಾವದು?
3. ಸಭೆಯವರಲ್ಲಿ ಯಾರ ಮನೆಯಲ್ಲಿ ನಾವು ಈವರೆಗೆ ಊಟಮಾಡಲಿಲ್ಲ? ಏಕೆ?