ಹಳೆಯ ಗಣಕಯಂತ್ರದ ಉನ್ನತೀಕರಣ ಹಾಗೂ ಪ್ರೊಸೆಸರಿನ ಶಾಖ ನಿರ್ವಹಣೆ

ಗ್ರಾಮ ಪಂಚಾಯಿತಿ ಕಚೇರಿಯ ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರವನ್ನು ವಿಲೇವಾರಿ ಮಾಡದೆ, ಅದರ ಮದರ್‌ಬೋರ್ಡಿಗೆ ಹೊಂದುವ ಹೆಚ್ಚು ಸಾಮರ್ಥ್ಯದ ಪ್ರೊಸೆಸರನ್ನು ಅಳವಡಿಸುವುದು ಮಿತವ್ಯಯದ ಕ್ರಮ. ಆದರೆ ಹೀಗೆ ಉನ್ನತೀಕರಿಸಿದ ಯಂತ್ರವು ಬೇಸಿಗೆಯ ಮಧ್ಯಾಹ್ನಗಳಲ್ಲಿ ತೀರ ನಿಧಾನವಾಗುವುದು, ಯುಪಿಎಸ್ ಚಾಲನೆಯಲ್ಲಿದ್ದರೂ ಹಠಾತ್ತನೆ ಸ್ಥಗಿತಗೊಳ್ಳುವುದು ಉಂಟು. ನಮೂನೆ 9 ಮತ್ತು 11ಎ ಪಡೆಯಲು ಬಂದ ಗ್ರಾಮಸ್ಥರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಮುಂದಿನ ಸಾಮಾನ್ಯ ಸಭೆಗೆ ಹೊಸ ಯಂತ್ರದ ಖರೀದಿ ಪ್ರಸ್ತಾವನೆ ಬರುತ್ತದೆ. ಅದಕ್ಕೆ ಅನುಮೋದನೆ ನೀಡುವ ಮುನ್ನ ದೋಷವು ಯಂತ್ರದ್ದೋ ಅಥವಾ ಶಾಖದ್ದೋ ಎಂಬುದನ್ನು ಸದಸ್ಯರು ಪರಿಶೀಲಿಸುವುದು ಸೂಕ್ತ.

2011ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಕೋರ್ ಐ3-2120 ಮತ್ತು ಕೋರ್ ಐ7-2600 ಪ್ರೊಸೆಸರುಗಳು ಒಂದೇ ಬಗೆಯ ಸಾಕೆಟ್ಟಿನಲ್ಲಿ ಕೂರುತ್ತವೆ. ಆದ್ದರಿಂದ ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕುವುದು ಸುಲಭ. ಆದರೆ ಅವುಗಳಿಗೆ ನಿಗದಿಪಡಿಸಿದ ಶಾಖದ ಪ್ರಮಾಣ ಕ್ರಮವಾಗಿ 65 ಮತ್ತು 95 ವ್ಯಾಟ್. ಬಳಸಿದ ಪ್ರೊಸೆಸರುಗಳು ಸಾಮಾನ್ಯವಾಗಿ ಫ್ಯಾನ್ ಇಲ್ಲದೆ ಮಾರಾಟವಾಗುವುದರಿಂದ, ತಂತ್ರಜ್ಞರು ಹಳೆಯ ಹೀಟ್ ಸಿಂಕ್ ಮತ್ತು ಫ್ಯಾನನ್ನೇ ಮತ್ತೆ ಕೂರಿಸಿ ಹೋಗುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಲೆಕ್ಕ ಸರಳವಾಗಿದೆ. ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿ ಏರಿಕೆ ತೋರುವ ಹೀಟ್ ಸಿಂಕ್ ಇದೆಯೆಂದು ಭಾವಿಸಿದರೆ, ಪೂರ್ಣ ಹೊರೆಯಲ್ಲಿ 65 ವ್ಯಾಟಿನ ಪ್ರೊಸೆಸರು ಸುತ್ತಲಿನ ಗಾಳಿಗಿಂತ ಸುಮಾರು 32 ಡಿಗ್ರಿ, 95 ವ್ಯಾಟಿನದು ಸುಮಾರು 47 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ದಾಟುತ್ತದೆ. ಯಂತ್ರದ ಪೆಟ್ಟಿಗೆಯೊಳಗಿನ ಗಾಳಿ ಕೋಣೆಯ ಗಾಳಿಗಿಂತಲೂ ಬಿಸಿ. ಮಿತಿಯ ಸಮೀಪ ಬಂದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಯಂತ್ರ ಆರಿಹೋಗುತ್ತದೆ. ಈ ನಿಧಾನಗತಿಯನ್ನು ಸಿಬ್ಬಂದಿ ಹಲವು ಬಾರಿ ‘ಸರ್ವರ್ ಸಮಸ್ಯೆ’ ಎಂದೇ ತಿಳಿಯುತ್ತಾರೆ. ಅದೇ ವೇಳೆಗೆ ನೆರೆಯ ಪಂಚಾಯಿತಿಯಲ್ಲಿ ಕೆಲಸ ಸುಗಮವಾಗಿದ್ದು, ತಮ್ಮಲ್ಲಿ ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಮಾತ್ರ ಕುಂಟುತ್ತಿದ್ದರೆ ಶಾಖದ ಬಗ್ಗೆ ಸಂಶಯಪಡಲು ಕಾರಣವಿದೆ.

ಪ್ರೊಸೆಸರ್ ಮತ್ತು ಹೀಟ್ ಸಿಂಕ್‌ಗಳ ನಡುವೆ ಥರ್ಮಲ್ ಪೇಸ್ಟ್ ಇರಬೇಕು. ಕಣ್ಣಿಗೆ ನಯವಾಗಿ ಕಾಣುವ ಲೋಹದ ಮೇಲ್ಮೈಯಲ್ಲಿಯೂ ಸೂಕ್ಷ್ಮ ತಗ್ಗುಗಳಿದ್ದು, ಅಲ್ಲಿ ನಿಂತ ಗಾಳಿ ಶಾಖವನ್ನು ತಡೆಯುತ್ತದೆ. ಪೇಸ್ಟ್ ಆ ತಗ್ಗುಗಳನ್ನು ತುಂಬುತ್ತದೆ. ಹೀಟ್ ಸಿಂಕ್ ಒಮ್ಮೆ ಕಳಚಿದ ಮೇಲೆ ಹಳೆಯ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಕಾಳಿಗಿಂತ ತುಸು ಚಿಕ್ಕ ಗಾತ್ರದಷ್ಟು ಹೊಸ ಪೇಸ್ಟನ್ನು ನಡುವೆ ಇಡತಕ್ಕದ್ದು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ.

ಇಂತಹ ಯಂತ್ರಗಳ ಹೀಟ್ ಸಿಂಕ್ ಬಹುತೇಕ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಂತಿರುತ್ತದೆ. ಪಿನ್ನುಗಳನ್ನು ಕರ್ಣೀಯವಾಗಿ, ಎದುರುಬದುರಿನ ಎರಡೆರಡರಂತೆ ಒತ್ತಬೇಕು. ಒಂದು ಪಿನ್ ಸರಿಯಾಗಿ ಕೂರದಿದ್ದರೂ ಹೀಟ್ ಸಿಂಕ್ ಒಂದು ಬದಿಗೆ ಎದ್ದು ನಿಲ್ಲುತ್ತದೆ. ಆಗ ಎಷ್ಟು ಒಳ್ಳೆಯ ಪೇಸ್ಟ್ ಇದ್ದರೂ ಪ್ರಯೋಜನವಿಲ್ಲ. ಹಳೆಯ ಪಿನ್ನುಗಳು ಮುರಿಯುವುದೂ ಸಾಮಾನ್ಯ.

ಧೂಳನ್ನು ತೆಗೆಯುವಾಗ ವಿದ್ಯುತ್ ಸಂಪರ್ಕ ಕಡಿದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಊದಬೇಕು. ಚಾಲನೆಯಲ್ಲಿರುವ ಪೆಟ್ಟಿಗೆಗೆ ಬಟ್ಟೆಯ ಹೊದಿಕೆ ಹಾಕುವುದು, ಅದನ್ನು ಬೀರುವಿನೊಳಗೆ ಇಡುವುದು ಎರಡೂ ಬೇಡ. ಪಕ್ಕದ ಬಾಗಿಲನ್ನು ತೆಗೆದಿಡುವುದು ಕೆಲವೆಡೆ ರೂಢಿ. ಅದರಿಂದ ತಾತ್ಕಾಲಿಕ ಉಪಶಮನ ದೊರೆಯಬಹುದು, ಆದರೆ ಧೂಳು ಮತ್ತು ಹಲ್ಲಿಗಳಿಗೂ ದಾರಿಯಾಗುತ್ತದೆ.

ಉನ್ನತೀಕರಣದ ಬಿಲ್ಲನ್ನು ಪಾವತಿಗೆ ಮಂಡಿಸಿದಾಗ ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮೂರು ಮಾಹಿತಿ ಕೇಳಬಹುದು: ಹೊಸ ಪ್ರೊಸೆಸರು ಎಷ್ಟು ವ್ಯಾಟಿನದು, ಹೀಟ್ ಸಿಂಕ್ ಅಷ್ಟಕ್ಕೆ ಸಾಕಾಗುವುದೇ, ಮಧ್ಯಾಹ್ನ ಒಂದು ಗಂಟೆ ಕಾಲ ಕೆಲಸ ಮಾಡಿದ ನಂತರ ಪ್ರೊಸೆಸರಿನ ಉಷ್ಣಾಂಶ ಎಷ್ಟಿತ್ತು. ಉಷ್ಣಾಂಶ ತೋರಿಸುವ ತಂತ್ರಾಂಶಗಳು ಉಚಿತವಾಗಿ ಲಭ್ಯವಿವೆ. ಅಂಕಿ 80 ಡಿಗ್ರಿಯನ್ನು ಪದೇ ಪದೇ ದಾಟುತ್ತಿದ್ದರೆ, ಹೊಸ ಯಂತ್ರದ ಬದಲು ತಕ್ಕ ಹೀಟ್ ಸಿಂಕ್ ಮತ್ತು ಪೇಸ್ಟಿಗಾಗಿ ಮೊದಲು ದರಪಟ್ಟಿ ತರಿಸತಕ್ಕದ್ದು.