ವಿಕಿರಣದ ಪೆಟ್ಟು ತಾಳುವ ಆಕ್ಸೈಡ್ ಸಿರಾಮಿಕ್‌ಗಳು

ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಬಾಯ್ಲರ್ ಅಥವಾ ಕುಲುಮೆ ನಡೆಸುವ ಉದ್ದಿಮೆದಾರರಿಗೆ ಫೈರ್‌ಬ್ರಿಕ್ ಹೊಸ ವಸ್ತುವಲ್ಲ. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಆಕ್ಸೈಡ್‌ಗಳಿಂದಾದ ಈ ಇಟ್ಟಿಗೆಯೂ ಒಂದು ಸಿರಾಮಿಕ್. ಪರಮಾಣು ವಿದ್ಯುತ್ ಉದ್ಯಮವೂ ಆಕ್ಸೈಡ್ ಸಿರಾಮಿಕ್‌ಗಳನ್ನು ಅವಲಂಬಿಸಿದೆ. ಅಲ್ಲಿ ಅವು ಶಾಖದೊಂದಿಗೆ ವಿಕಿರಣದ ಪೆಟ್ಟನ್ನೂ ತಾಳಬೇಕಾಗುತ್ತದೆ.

ಹುಮನಾಬಾದಿನಿಂದ ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿದರೆ ಸಿಗುವ ಹೈದರಾಬಾದಿನಲ್ಲಿ 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಇದೆ. ಅಲ್ಲಿ ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಒತ್ತಿ, ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಗುಳಿಗೆಗಳನ್ನಾಗಿಸಲಾಗುತ್ತದೆ. ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳುಳ್ಳ ಕೈಗಾ ಸ್ಥಾವರದ ಇಂಧನ ಇಂಥ ಗುಳಿಗೆಗಳೇ.

ಯುರೇನಿಯಂ ಪರಮಾಣು ಒಡೆದಾಗ ಅದರ ತುಣುಕುಗಳು ಮಹಾವೇಗದಿಂದ ಚಿಮ್ಮಿ ಸುತ್ತಲಿನ ಪರಮಾಣುಗಳನ್ನು ನೆಲೆಯಿಂದ ಕದಲಿಸುತ್ತವೆ. ಕದಲಿದವು ಮತ್ತೆ ಯೋಗ್ಯ ಸ್ಥಾನ ಸೇರಿದರೆ ಹರಳಿನ ರಚನೆ ಉಳಿಯುತ್ತದೆ. ಇಲ್ಲವಾದರೆ ಅನೇಕ ಸಿರಾಮಿಕ್‌ಗಳ ರಚನೆ ಕುಸಿದು ಗಾಜಿನಂತಾಗುತ್ತದೆ. ವಸ್ತು ಊದಿಕೊಂಡು ಬಿರುಕು ಬಿಡುತ್ತದೆ.

ಒಂದಕ್ಕಿಂತ ಹೆಚ್ಚು ಲೋಹಗಳಿರುವ ಆಕ್ಸೈಡ್‌ಗಳು ಸಂಕೀರ್ಣ ಆಕ್ಸೈಡ್‌ಗಳೆನಿಸುತ್ತವೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಕರ್ಟ್ ಸಿಕಾಫಸ್ ಮತ್ತು ಸಂಗಡಿಗರು ಇಂಥ ಎರಡನ್ನು ಹೋಲಿಸಿ, 2000ನೇ ಇಸವಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಎರ್ಬಿಯಂ ಟೈಟನೇಟಿನ ಎರಡು ಲೋಹಗಳ ಗಾತ್ರದಲ್ಲಿ ಅಂತರ ಹೆಚ್ಚು. ಒಂದರ ಸ್ಥಾನಕ್ಕೆ ಇನ್ನೊಂದು ಹೊಂದುವುದಿಲ್ಲ. ವೇಗದ ಅಯಾನುಗಳ ಹೊಡೆತಕ್ಕೆ ಅದರ ಹರಳು ಕುಸಿಯಿತು. ಎರ್ಬಿಯಂ ಜಿರ್ಕೋನೇಟಿನಲ್ಲಿ ಲೋಹಗಳು ಸ್ಥಾನ ಬದಲಿಸಿಕೊಂಡರೂ ರಚನೆಗೆ ಭಂಗ ಕಡಿಮೆ, ಅದು ತಾಳಿಕೊಂಡಿತು. ಯುರೇನಿಯಂ ಡೈಆಕ್ಸೈಡಿನಂತೆ ಇದರದೂ ಫ್ಲೋರೈಟ್ ಮಾದರಿಯ ರಚನೆ. ಆದುದರಿಂದ ವಿಕಿರಣದ ಎದುರು ಬಾಳುವುದು ಬರಿಯ ಗಟ್ಟಿತನದಿಂದಲ್ಲ, ಅವ್ಯವಸ್ಥೆಯನ್ನು ಒಳಗೊಳ್ಳುವ ಗುಣದಿಂದ.

ಈ ಗುಣಕ್ಕೆ ಬೆಲೆ ಇರುವುದು ಪರಮಾಣು ತ್ಯಾಜ್ಯದ ವಿಷಯದಲ್ಲಿ. ಪ್ಲುಟೋನಿಯಂ-239 ಅರ್ಧದಷ್ಟು ಕ್ಷಯಿಸಲು ಸುಮಾರು 24,100 ವರ್ಷ ಬೇಕು. ಅದನ್ನು ಹಿಡಿದಿಡುವ ವಸ್ತು ಅಷ್ಟು ಕಾಲವೂ ಒಳಗಿನಿಂದಲೇ ಪೆಟ್ಟು ತಿನ್ನುತ್ತದೆ. ಭಾರತದಲ್ಲಿ ಉನ್ನತ ಮಟ್ಟದ ದ್ರವ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಸೇರಿಸಿ ಇಡಲಾಗುತ್ತದೆ. ಜಿರ್ಕೋನೇಟಿನಂಥ ಸಿರಾಮಿಕ್‌ಗಳ ಬಳಕೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಸಣ್ಣ ಉದ್ದಿಮೆಗೂ ಇದರಲ್ಲಿ ಪಾಠವಿದೆ. ತಣ್ಣಗಿರುವಾಗಿನ ಗಟ್ಟಿತನದ ಅಂಕಿಯೊಂದನ್ನೇ ನೋಡಿ ಕೊಂಡ ಫೈರ್‌ಬ್ರಿಕ್, ಪದೇ ಪದೇ ಕಾಯ್ದು ತಣಿಯುವ ಕುಲುಮೆಯಲ್ಲಿ ಬಿರಿಯಬಹುದು. ಕುಲುಮೆ ಎಷ್ಟು ಸಲ ಆರುತ್ತದೆ, ಎಷ್ಟು ಬೇಗ ಕಾಯುತ್ತದೆ ಎಂಬುದನ್ನು ಸರಬರಾಜುದಾರರಿಗೆ ಮೊದಲೇ ತಿಳಿಸಿ, ಕಾಯಿಸಿ ತಣಿಸುವ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯುವುದು ಲೇಸು. ಮಾಲಿನ ಯೋಗ್ಯತೆಯನ್ನು ಅದು ಮಾಡಬೇಕಾದ ಕೆಲಸದಿಂದಲೇ ಅಳೆಯಬೇಕು.